ಗಾಲ್ಫ್ ಚೆಂಡು: ದೂರಕ್ಕಿಂತ ನಿಲುಗಡೆ ಮುಖ್ಯ

ಗಾಲ್ಫ್ ಚೆಂಡಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಇರುವ ಭರವಸೆ ಸಾಮಾನ್ಯವಾಗಿ ಒಂದೇ: ದೂರ. ಕೊಳ್ಳುವವರು ಕೇಳುವುದೂ ಅದನ್ನೇ. ಆದರೆ ಒಳ್ಳೆಯ ಎರಡು ಚೆಂಡುಗಳ ನಡುವೆ ವ್ಯತ್ಯಾಸ ಅತಿ ಕಡಿಮೆ ಇರುವುದು ದೂರದಲ್ಲೇ. ಸ್ಕಾಟ್ಲೆಂಡಿನ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಎಂಬ ಗಾಲ್ಫ್ ಸಂಸ್ಥೆಗಳು ಸೇರಿ ರೂಪಿಸುವ ನಿಯಮದ ಪ್ರಕಾರ ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ, ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಪ್ರಯೋಗಾಲಯದಲ್ಲಿ ಹೊಡೆದಾಗ ಅದು ಚಿಮ್ಮುವ ವೇಗಕ್ಕೂ ಒಟ್ಟು ಸಾಗುವ ದೂರಕ್ಕೂ ಮಿತಿಯುಂಟು. ಹೆಸರಾಂತ ತಯಾರಕರು ಆ ಗೆರೆಯ ಹತ್ತಿರ ಬಂದು ನಿಂತು ಬಹಳ ಕಾಲವಾಯಿತು. ಮೈತುಂಬ ಇರುವ ಮುನ್ನೂರು ನಾನ್ನೂರು ಗುಳಿಗಳಂತೂ ಅಗ್ಗದ ಚೆಂಡಿಗೂ ಉಂಟು. ಅವು ಮೈಗಂಟಿದ ಗಾಳಿಯ ಪದರವನ್ನು ಕದಡಿ, ಅದು ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡೇ ಸಾಗುವಂತೆ ಮಾಡುತ್ತವೆ. ಹಿಂದೆ ಉಳಿಯುವ ಸುಳಿ ಕಿರಿದಾಗುತ್ತದೆ, ಎಳೆತ ತಗ್ಗುತ್ತದೆ. ಗುಳಿಯಿಲ್ಲದ ನುಣುಪು ಚೆಂಡು ಇದರ ಅರ್ಧ ದೂರಕ್ಕೆ ಹೋದರೆ ಹೆಚ್ಚು.

ಹಾಗಾದರೆ ಚೆಂಡುಗಳು ಬೇರೆಯಾಗುವುದು ಎಲ್ಲಿ? ಗ್ರೀನಿನ ಹತ್ತಿರ, ವೆಡ್ಜ್ ಹಿಡಿದಾಗ. ಹೊಡೆತದ ಹೊತ್ತಿನಲ್ಲಿ ಚೆಂಡು ಕ್ಲಬ್ಬಿನ ಮುಖಕ್ಕೆ ತಾಗಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಅಷ್ಟರಲ್ಲಿ ವೆಡ್ಜಿನ ಓರೆ ಮುಖ ಚೆಂಡನ್ನು ಹಿಡಿದು ಹಿಮ್ಮುಖವಾಗಿ ತಿರುಗಿಸಬೇಕು. ಹೊರಗವಚ ಮೆದುವಾದ ಯುರಿಥೇನಿನದಾದರೆ ಲೋಹದ ಗೀರುಗಳ ಅಂಚು ಅದರೊಳಗೆ ತುಸು ಕಚ್ಚಿಕೊಳ್ಳುತ್ತದೆ. ಚೆಂಡು ತಗ್ಗಿನಲ್ಲಿ ಹೊರಟು, ಜೋರಾಗಿ ತಿರುಗುತ್ತಾ ಹೋಗಿ, ಒಂದೆರಡು ಪುಟಿತಕ್ಕೆ ನಿಲ್ಲುತ್ತದೆ. ಅಗ್ಗದ ಚೆಂಡುಗಳಿಗೆ ಹಾಕುವ ಗಡಸು ಅಯಾನೊಮರ್ ಕವಚ ಅದೇ ಮುಖದ ಮೇಲೆ ಜಾರಿ ಮೇಲಕ್ಕೇರುತ್ತದೆ. ಹೊರಡುವ ಕೋನ ಎತ್ತರ, ಸ್ಪಿನ್ ಕಡಿಮೆ, ಬಿದ್ದ ಮೇಲೆ ಉರುಳಾಟ ಜಾಸ್ತಿ. ಈ ಎರಡರ ನಡುವಿನ ಅಂತರ ನಿಮಿಷಕ್ಕೆ ಸಾವಿರ ಸುತ್ತುಗಳನ್ನು ಸುಲಭವಾಗಿ ದಾಟುತ್ತದೆ. ಹದಿನೆಂಟು ಕುಳಿಗಳ ಸುತ್ತಿನಲ್ಲಿ ದೂರದ ಹೊಡೆತಕ್ಕೆಂದು ಡ್ರೈವರ್ ಹೊರಬರುವುದು ಹದಿನಾಲ್ಕು ಬಾರಿಯ ಆಸುಪಾಸು. ಉಳಿದ ಹೊಡೆತಗಳೆಲ್ಲ ಚೆಂಡನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವ ಪ್ರಯತ್ನ. ಆದ್ದರಿಂದ ಆಯ್ಕೆ ಶುರುವಾಗಬೇಕಾದದ್ದು ಗ್ರೀನಿನಿಂದ, ಟೀ ಕಡೆಗೆ ಹಿಮ್ಮುಖವಾಗಿ.

ಇದಕ್ಕೆ ಆಕ್ಷೇಪಗಳುಂಟು. ನಿಧಾನವಾಗಿ ಬೀಸುವವರು ಗಟ್ಟಿ ಚೆಂಡನ್ನು ‘ಅಮುಕಲಾರರು’, ಅವರಿಗೆ ಮೆದು ಚೆಂಡೇ ಬೇಕು ಎಂಬ ನಂಬಿಕೆ ಆಟಗಾರರಲ್ಲಿ ಬೇರೂರಿದೆ. ಅಮುಕುವಿಕೆಗೆ ಹೊಸ್ತಿಲು ಎಂಬುದಿಲ್ಲ. ಎಷ್ಟೇ ಮೆಲ್ಲಗೆ ಹೊಡೆದರೂ ಚೆಂಡು ಆ ಮಟ್ಟಿಗೆ ಚಪ್ಪಟೆಯಾಗುತ್ತದೆ. ಮೆದುತನ ಬೇರೆ, ಪುಟಿಯುವ ಶಕ್ತಿ ಬೇರೆ. ಕೈಗೆ ಹಿತವೆನಿಸುತ್ತದೆ ಎಂದು ಮೆದು ಚೆಂಡು ಕೊಂಡರೆ ತಪ್ಪೇನಿಲ್ಲ, ಅದರಿಂದ ಗಜಗಳು ಕೂಡುತ್ತವೆ ಎಂದುಕೊಂಡರೆ ತಪ್ಪು. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಸ್ಪಿನ್ ಹೆಚ್ಚಿದರೆ ಡ್ರೈವರ್ ಹೊಡೆತ ಬಲಕ್ಕೋ ಎಡಕ್ಕೋ ಇನ್ನಷ್ಟು ಬಾಗುವುದಿಲ್ಲವೇ? ಒಂದೇ ತಿರುಳು, ಒಂದೇ ಕವಚದ ಹೆಚ್ಚು ಸ್ಪಿನ್ನಿನ ಚೆಂಡಾದರೆ ಬಾಗುತ್ತದೆ. ಇಂದಿನ ಮೂರು ನಾಲ್ಕು ಪದರದ ಚೆಂಡುಗಳಲ್ಲಿ ತೆಳುವಾದ ಮೆದು ಕವಚದ ಕೆಳಗೆ ಗಡಸು ಪದರವೊಂದು ಕೂತಿರುತ್ತದೆ. ಡ್ರೈವರಿನ ಬಿರುಸು ಏಟು ತಿರುಳನ್ನು ಕದಲಿಸುತ್ತದೆ, ಹಾಗಾಗಿ ಸ್ಪಿನ್ ಮಿತದಲ್ಲಿರುತ್ತದೆ. ವೆಡ್ಜಿನ ಏಟು ಕವಚದಲ್ಲೇ ಮುಗಿಯುತ್ತದೆ. ಬಾಗುವುದಕ್ಕೆ ಮೂಲಕಾರಣ ಕ್ಲಬ್ಬಿನ ಮುಖ ಬೀಸಿನ ದಾರಿಗೆ ಓರೆಯಾಗಿರುವುದು. ಅದನ್ನು ಚೆಂಡೇ ಸರಿಪಡಿಸಲಿ ಎಂದು 1970ರ ದಶಕದಲ್ಲಿ ಪೊಲಾರಾ ಎಂಬ ಚೆಂಡು ಬಂದಿತ್ತು. ಅದರ ಗುಳಿಗಳು ಎಲ್ಲ ಕಡೆ ಒಂದೇ ಬಗೆಯಲ್ಲಿರಲಿಲ್ಲ. ಸರಿಯಾಗಿ ಇಟ್ಟು ಹೊಡೆದರೆ ನೇರಕ್ಕೆ ಹಾರುತ್ತಿತ್ತು. ಯುಎಸ್‌ಜಿಎ ಸಮಮಿತಿಯ ನಿಯಮ ತಂದು ಅದನ್ನು ಹೊರಗಿಟ್ಟಿತು, ವಿವಾದ ನ್ಯಾಯಾಲಯದವರೆಗೂ ಹೋಯಿತು.

ಮೈದಾನವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಹತ್ತನೇ ಒಂದರಷ್ಟು ತೆಳು. ಎಳೆತ ಕಡಿಮೆಯಾಗಿ ಚೆಂಡು ಮುಂದೆ ಹೋಗುತ್ತದೆ. ಸ್ಪಿನ್ ಕೊಡುವ ಮೇಲೆತ್ತುವ ಬಲವೂ ಕಡಿಮೆಯಾಗುವುದರಿಂದ ಇಳಿಯುವ ಕೋನ ತುಸು ಓರೆಯಾಗುತ್ತದೆ. ಗಟ್ಟಿ ಗ್ರೀನಿನ ಮೇಲೆ ಹಾಗಿಳಿದ ಚೆಂಡನ್ನು ಹಿಡಿದು ನಿಲ್ಲಿಸಬೇಕಾದದ್ದು ಸ್ಪಿನ್ನೇ. (ಕರಾವಳಿಯ ತೇವದ ಗಾಳಿ ಭಾರ ಎಂಬ ಮಾತು ಆಗಾಗ ಕೇಳುತ್ತದೆ, ಆದರೆ ನೀರಾವಿ ಒಣಗಾಳಿಗಿಂತ ಹಗುರ.) ಮಳೆಗಾಲದಲ್ಲಿ ನನ್ನ ವಾದ ಸಡಿಲವಾಗುತ್ತದೆ. ಕ್ಲಬ್ಬಿನ ಗೀರುಗಳಲ್ಲಿ ನೀರು ಹುಲ್ಲು ತುಂಬಿ ಯಾವ ಚೆಂಡಿಗೂ ಹಿಡಿತ ಕಡಿಮೆ, ನೆನೆದ ಗ್ರೀನ್ ಅಗ್ಗದ ಚೆಂಡನ್ನೂ ಹಿಡಿದು ನಿಲ್ಲಿಸುತ್ತದೆ.

ಕೊನೆಗೆ ದುಡ್ಡಿನ ಮಾತು. ಸುತ್ತಿಗೆ ನಾಲ್ಕೈದು ಚೆಂಡು ಕಳೆದುಕೊಳ್ಳುವವರಿಗೆ ಯುರಿಥೇನ್ ದುಬಾರಿ ಹವ್ಯಾಸ. ಅವರು ಅಗ್ಗದ್ದನ್ನೇ ಕೊಳ್ಳಲಿ, ಆದರೆ ಪ್ರತಿಸಲ ಅದೇ ಮಾದರಿಯನ್ನು. ಚೆಂಡು ಬದಲಾಗುತ್ತಿದ್ದರೆ ಚಿಪ್ ಎಷ್ಟು ಉರುಳುತ್ತದೆಂದು ಕೈಗೆ ತಿಳಿಯುವುದೇ ಇಲ್ಲ. ಕೆರೆಯಿಂದ ತೆಗೆದು ಮಾರುವ ಹಳೆಯ ಚೆಂಡುಗಳೂ ಆಗಬಹುದು, ತೊಳೆದವಾದರೆ. ಮತ್ತೆ ಬಣ್ಣ ಬಳಿದವು ಬೇಡ. ಗುಳಿಯ ಆಳ ಸುಮಾರು ಕಾಲು ಮಿಲಿಮೀಟರ್; ಅದರೊಳಗೆ ಇನ್ನೊಂದು ಪದರ ಬಣ್ಣ ಕೂತರೆ ಅದು ಹೇಗೆ ಹಾರುತ್ತದೆಂದು ಚೆಂಡು ಮಾಡಿದವರೂ ಹೇಳಲಾರರು.