ಆಸ್ತಿ ತೆರಿಗೆ ಕಟ್ಟಿದ್ದೀರಾ? ಹಾಗಾದ್ರೆ ಈ ಕಾದಂಬರಿಗಳನ್ನ ಓದಿ!

ಕೋಲಾರ: ಟೊಮೆಟೊ, ಮಾವಿನ ರೇಟು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದ್ರೆ ಕನ್ನಡಕ್ಕೆ 4ನೇ ಜ್ಞಾನಪೀಠ ತಂದವರು ಮಾಲೂರು ತಾಲ್ಲೂಕಿನವರು ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅವರೇ ಮಾಸ್ತಿ ವೆಂಕಟೇಶ ಅಯ್ಯಂಗಾರ್. ಪ್ರಶಸ್ತಿ ಬಂದಿದ್ದು 1983ರಲ್ಲಿ. ಅವರ 'ಚಿಕವೀರ ರಾಜೇಂದ್ರ' (1956) ಕೊಡಗಿನ ಕೊನೆಯ ರಾಜನ ಕಥೆ. ದೊರೆ ದಾರಿ ತಪ್ಪಿದ್ರೆ 1834ರಲ್ಲಿ ರಾಜ್ಯ ಇಂಗ್ಲಿಷರ ಕೈಗೆ ಹೇಗೆ ಹೋಯ್ತು ಅಂತ ಗೊತ್ತಾಗುತ್ತೆ.

ಇತಿಹಾಸ ಬೇಡ ಅನ್ನೋರಿಗೂ ಪುಸ್ತಕ ಇವೆ.

ಥ್ರಿಲ್ಲರ್ ಬೇಕಾ? ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ಏಲಕ್ಕಿ ಮಾರೋಕೆ ಹೊರಟ ಗಂಡ-ಹೆಂಡತಿ ಕಳ್ಳದಂಧೆಯ ಸುಳಿಗೆ ಸಿಕ್ಕಿಕೊಳ್ತಾರೆ.

ವ್ಯಾಪಾರಸ್ಥರಾ? ವಿವೇಕ ಶಾನಭಾಗರ 'ಘಾಚರ್ ಘೋಚರ್'. ಮಸಾಲೆ ಪುಡಿ ವ್ಯಾಪಾರದಲ್ಲಿ ದಿಢೀರ್ ದುಡ್ಡು ಕಂಡ ಮನೆಯೊಳಗೆ ಏನೇನಾಗುತ್ತೆ ಅನ್ನೋದು ಕಥೆ. ಚಿಕ್ಕದು, ಬೇಗ ಮುಗಿಯುತ್ತೆ.

ಸಂಸಾರದ ಕಥೆ ಇಷ್ಟಾನಾ? ತ್ರಿವೇಣಿಯವರ 'ಶರಪಂಜರ'. ಸಿನಿಮಾ ನೋಡಿರ್ತೀರಿ. ಮಾನಸಿಕ ಕಾಯಿಲೆ ವಾಸಿಯಾದ ಹೆಂಗಸನ್ನ ಮನೆಯವರೇ ನಂಬದಿದ್ರೆ ಹೇಗೆ ಅಂತ ಪುಸ್ತಕ ಕೇಳುತ್ತೆ.

ಮಹಾಭಾರತ ಪ್ರಿಯರಿಗೆ ಎಸ್.ಎಲ್. ಭೈರಪ್ಪನವರ 'ಪರ್ವ' (1979). ಇಲ್ಲಿ ಪವಾಡ ಇಲ್ಲ, ಇರೋದು ಮನುಷ್ಯರೇ.

ದುಡ್ಡು ಕೊಟ್ಟು ಕೊಳ್ಳಲೇಬೇಕು ಅಂತೇನಿಲ್ಲ. ಮನೆ, ಅಂಗಡಿಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ತೆರಿಗೆಯ ಜೊತೆ 100ಕ್ಕೆ 6 ರೂಪಾಯಿ ಗ್ರಂಥಾಲಯ ಕರ ಇರುತ್ತೆ. ಸಾರ್ವಜನಿಕ ಗ್ರಂಥಾಲಯ ನಡೆಯೋಕೆ ಇದೇ ಆಧಾರ. ನೀವು ಓದಿದ್ರೂ ಓದದಿದ್ರೂ ಹಣ ಕಟ್ಟಿದ್ದಾಗಿದೆ.

ಹಾಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಪೇಟೆಗೆ ಬಂದಾಗ ಗ್ರಂಥಾಲಯಕ್ಕೂ ಹೋಗಿ ಪುಸ್ತಕದ ಹೆಸರು ಹೇಳಿ ಕೇಳಿ. ಇಲ್ಲ ಅಂದ್ರೆ ತರಿಸಿಕೊಡಿ ಅಂತ ಬರೆದುಕೊಡಿ. ಕೇಳೋರಿದ್ರೆ ತಾನೇ ಪುಸ್ತಕ ಬರೋದು!