ಕೆರೆಯ ಕೊಡಗೆ ಮತ್ತು ಸರ್ಕಾರದ ಅನುದಾನ: ಉತ್ತರ ಬೆಂಗಳೂರಿನ ಒಂದು ವಿವೇಚನೆ

ಉತ್ತರ ಬೆಂಗಳೂರಿನ ಕೆರೆಗಳ ವಿಷಯ ಬಂದಾಗ ವಿದ್ಯಾರ್ಥಿಗಳು ಮೊದಲು ಕೇಳುವುದು, ಇವನ್ನು ಕಟ್ಟಿಸಿದವರು ಯಾರು ಎಂದು. ಹೆಬ್ಬಾಳದ ಕೆರೆ ಕೆಂಪೇಗೌಡನ ಕಾಲದ್ದೆಂಬ ಪ್ರತೀತಿಯುಂಟು. ಊರಂತೂ ಅದಕ್ಕಿಂತ ಬಹು ಹಳೆಯದು. ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಅಲ್ಲಿಯೇ ದೊರೆತು, ಪೆರ್ಬೊಳಲ್ನಾಡೆಂಬ ಹೆಸರನ್ನು ನಮಗೆ ಉಳಿಸಿಕೊಟ್ಟಿದೆ. ಆದರೆ ಆರ್ಥಿಕ ಚರಿತ್ರೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೊಂದು. ಕಟ್ಟಿದ ಮೇಲೆ ವರ್ಷವರ್ಷವೂ ಏರಿಗೆ ಮಣ್ಣು ಹಾಕಿಸಿ ಹೂಳೆತ್ತಿಸಿದವರು ಯಾರು? ಆ ವೆಚ್ಚ ಯಾವ ಮೂಲದಿಂದ ಬಂದಿತು? ಇಂದು ಕೆರೆಯ ಅಂಗಳವು ನಗರವಾಸಿಗಳಿಗೆ ಉದ್ಯಾನವೂ ನಡಿಗೆಯ ದಾರಿಯೂ ಪಕ್ಷಿಗಳ ತಾಣವೂ ಆಗಿರುವಾಗ, ಸರ್ಕಾರದ ಅನುದಾನವನ್ನು ಕುರಿತು ಕೇಳಬೇಕಾದುದೂ ಇದನ್ನೇ.

ಶಾಸನಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಅಗರದ, ಸುಮಾರು 870ರ ಶಾಸನದಂತೆ, ಒಬ್ಬನು ಎರಡು ಕೆರೆಗಳಿಗೆ ತೂಬನ್ನಿಡಿಸಿ, ಮೂಡಣ ಕೆರೆಯೊಂದನ್ನು ಕಟ್ಟಿಸಿ, ಮೂರು ಕೆರೆಗಳ ಬಿತ್ತುವಟ್ಟವನ್ನು ಪಡೆದನು. ಬಿತ್ತುವಟ್ಟವೆಂದರೆ ಕೆರೆಯ ಕೆಳಗಣ ಭೂಮಿಯಲ್ಲಿಯೋ ಅದರ ಫಸಲಿನಲ್ಲಿಯೋ ಕೆರೆಯ ನಿಮಿತ್ತ ಬಿಟ್ಟ ಪಾಲು. ಕಟ್ಟುಕೊಡಗೆಯೂ ಇದೇ ಜಾತಿಯದು: ಕೆರೆಯನ್ನು ಕಟ್ಟಿದವನಿಗೆ ಅಥವಾ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವವನಿಗೆ ಕಂದಾಯವಿಲ್ಲದೆ ಅಥವಾ ಅಲ್ಪ ಕಂದಾಯಕ್ಕೆ ಕೊಟ್ಟ ಭೂಮಿ. ಹೂಳು ಸಾಗಿಸುವ ಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ, ಕಡೆಗೆ ಗಾಲಿಗೆ ಹಾಕುವ ಎಣ್ಣೆಗೂ ದತ್ತಿ ಬಿಟ್ಟ ಶಾಸನಗಳುಂಟು. ಎಣ್ಣೆಯನ್ನೂ ಮರೆಯದ ಈ ಲೆಕ್ಕಾಚಾರ ಗಮನಾರ್ಹವಾದುದು. ದಾನಿಯು ಒಂದು ಕಾಮಗಾರಿಗೆ ಹಣ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಎಂದೂ ಮುಗಿಯದ ಕೆಲಸಕ್ಕೆ ಎಂದೂ ನಿಲ್ಲದ ಆದಾಯವನ್ನು ಕಟ್ಟಿಕೊಟ್ಟನು. ಕೆರೆ ಒಡೆದರೆ ಕೊಡಗೆಯ ಗದ್ದೆಯೂ ಒಣಗುವುದರಿಂದ, ಅನುಭವಿಸುವವನೇ ಕಾಯುವವನೂ ಆಗಬೇಕಾಯಿತು.

ಹಾಗೆಂದು ಆ ವ್ಯವಸ್ಥೆಯನ್ನು ಹಾಡಿ ಹೊಗಳುವುದು ಸಲ್ಲದು. ನೀರು ಬಿಡುವ ನೀರಗಂಟಿಯ ಕೆಲಸ ವಂಶಪಾರಂಪರ್ಯದ್ದು; ಮಣ್ಣು ಹೊತ್ತವರೂ ಗದ್ದೆಯನ್ನು ಉಂಡವರೂ ಒಂದೇ ಜಾತಿಯವರಾಗಿದ್ದುದು ವಿರಳ. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಶಾಸನವನ್ನು ಮಾಡಿತು. 1954ರ ಇನಾಂ ರದ್ದಿಯಾತಿ, 1961ರ ಗ್ರಾಮಾಧಿಕಾರಗಳ ರದ್ದಿಯಾತಿ, ಇವೆರಡೂ ನ್ಯಾಯವಾಗಿಯೇ ಬಂದವು. ಆದರೆ ಹಳೆಯ ಮಾನ್ಯಗಳು ಹೋದ ಸ್ಥಳದಲ್ಲಿ ಕೆರೆಗೆಂದೇ ಮೀಸಲಾದ ಬೇರೆ ಆದಾಯ ಬರಲಿಲ್ಲ. ಅಷ್ಟರಲ್ಲಿ ಅಚ್ಚುಕಟ್ಟಿನ ಗದ್ದೆಗಳೇ ಬಡಾವಣೆಗಳಾಗತೊಡಗಿದವು.

ಕೆರೆಗಳನ್ನು ಒಡೆಯದೆ ಉಳಿಸಬೇಕೆಂದು ಲಕ್ಷ್ಮಣರಾಯರ ತಜ್ಞ ಸಮಿತಿ 1986ರಲ್ಲಿ ಶಿಫಾರಸು ಮಾಡಿದ ಮೇಲೆ ಅನುದಾನಗಳ ಕಾಲ ಆರಂಭವಾಯಿತೆನ್ನಬಹುದು. ಹೆಬ್ಬಾಳದ ಕೆರೆ 1990ರ ದಶಕದ ಕೊನೆಯಲ್ಲಿ ನಾರ್ವೆ ದೇಶದ ನೆರವಿನಿಂದ ಅರಣ್ಯ ಇಲಾಖೆಯ ಮೂಲಕ ಜೀರ್ಣೋದ್ಧಾರವಾಯಿತು. ಅದರ ಕೆಳಗಣ ನಾಗವಾರದ ಕೆರೆ, 2001ರಲ್ಲಿ ಆರಂಭವಾದ ರಾಷ್ಟ್ರೀಯ ಸರೋವರ ಸಂರಕ್ಷಣಾ ಯೋಜನೆಗೆ ಸೇರಿತು. ಆ ಯೋಜನೆಯಲ್ಲಿ ವೆಚ್ಚದ 100ಕ್ಕೆ 70 ಭಾಗ ಕೇಂದ್ರದ್ದು, 30 ಭಾಗ ರಾಜ್ಯದ್ದು ಆಗಿತ್ತು. ಕಾಮಗಾರಿ ಮುಗಿದ ಮೇಲಿನ ನಿರ್ವಹಣೆಯ ಹೊಣೆ ಮಾತ್ರ ಪೂರ್ತಿಯಾಗಿ ರಾಜ್ಯದ್ದು ಮತ್ತು ಸ್ಥಳೀಯ ಸಂಸ್ಥೆಯದು ಆಗಿತ್ತು. ಬೇಲಿ, ದಾರಿ, ಹೂಳೆತ್ತುವಿಕೆ, ಇವಕ್ಕೆ ಹಣವಿತ್ತು; ಕಾವಲುಗಾರನ ಸಂಬಳಕ್ಕೂ ಮುಂದಿನ ಮಳೆಗಾಲದಲ್ಲಿ ಕಳೆ ಕೀಳುವುದಕ್ಕೂ ಇರಲಿಲ್ಲ.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. 2002ರಲ್ಲಿ ಸ್ಥಾಪಿತವಾದ ಕೆರೆ ಅಭಿವೃದ್ಧಿ ಪ್ರಾಧಿಕಾರವು ನಿರ್ವಹಣೆಯ ಹಣಕ್ಕಾಗಿ ಕೆಲವು ಕೆರೆಗಳನ್ನು ಖಾಸಗಿ ಸಂಸ್ಥೆಗಳಿಗೆ ದೀರ್ಘಕಾಲದ ಗುತ್ತಿಗೆಗೆ ಕೊಟ್ಟಿತು. ಹೆಬ್ಬಾಳ, ನಾಗವಾರ ಎರಡೂ ಆ ಪಟ್ಟಿಯಲ್ಲಿದ್ದವು. ಸಾರ್ವಜನಿಕ ಧನದಿಂದ ಸರಿಯಾದ ನಾಗವಾರದ ದಡದಲ್ಲಿ ಸಾರ್ವಜನಿಕನು ಟಿಕೆಟ್ಟು ಕೊಂಡು ನಡೆಯುವಂತಾಯಿತು. ಮೀನು ಹಿಡಿಯುವವರಿಗೂ ದನಕ್ಕೆ ಹುಲ್ಲು ಕೊಯ್ಯುವವರಿಗೂ ಇಂಥ ಗುತ್ತಿಗೆಯಲ್ಲಿ ಸ್ಥಾನವೆಲ್ಲಿ? ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆ 2008ರಲ್ಲಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಸಮಿತಿ 2011ರಲ್ಲಿ ವರದಿ ಒಪ್ಪಿಸಿತು. 2012ರ ಏಪ್ರಿಲಿನಲ್ಲಿ ನ್ಯಾಯಾಲಯವು ಕೆರೆಗಳ ರಕ್ಷಣೆಗೆ ನಿರ್ದೇಶನಗಳನ್ನು ಕೊಟ್ಟಿತು. ಗುತ್ತಿಗೆಯನ್ನು ಖಂಡಿಸುವುದು ಸುಲಭ. ಆದರೆ ಅದಕ್ಕೆ ಎಡೆಮಾಡಿಕೊಟ್ಟುದು ಅನುದಾನದ ಸ್ವರೂಪವೇ ಎಂಬುದು ನನ್ನ ಅಭಿಪ್ರಾಯ.

ಯಲಹಂಕದ ಕೆಳಗಣ ಜಕ್ಕೂರಿನ ಕೆರೆ ಇದಕ್ಕೆ ಪ್ರತಿಯಾದ ನಿದರ್ಶನ. ಅಲ್ಲಿ ದಿನಕ್ಕೆ 1 ಕೋಟಿ ಲೀಟರು ಸಾಮರ್ಥ್ಯದಿಂದ ಆರಂಭವಾದ ಶುದ್ಧೀಕರಣ ಘಟಕವೊಂದುಂಟು. ಶುದ್ಧಿಯಾದ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಕೆರೆಗೆ ಸೇರುತ್ತದೆ. ಹೀಗೆ ಬೇಸಗೆಯಲ್ಲಿಯೂ ನೀರು ನಿಲ್ಲುವುದರಿಂದ ಮೀನೂ ಹಕ್ಕಿಗಳೂ ಉಳಿದಿವೆ. ನಿವಾಸಿಗಳು ನ್ಯಾಸವೊಂದನ್ನು ರಚಿಸಿಕೊಂಡು ಕೆರೆಯ ಮೇಲ್ವಿಚಾರಣೆಗೆ ಕೈಹಾಕಿದರು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಘೋಷಣೆಯಿಂದ ಭೂಮಿಗೆ ಕಾನೂನಿನ ರಕ್ಷಣೆ ದೊರೆತರೂ ಹೊರಗಿನ ಚರಂಡಿಯ ನೀರು ಕಾನೂನನ್ನು ಓದಿಕೊಂಡು ಹಿಂದಿರುಗುವುದಿಲ್ಲ; ಅದನ್ನು ತಡೆಯಲು ಆಳು ಬೇಕು, ಆಳಿಗೆ ಕೂಲಿ ಬೇಕು.

ಈಗ ಗದ್ದೆಯಿಲ್ಲದ ಕೆರೆಗೆ ಬಿತ್ತುವಟ್ಟವನ್ನು ಎಲ್ಲಿಂದ ತರುವುದು? ಜಕ್ಕೂರಿನಂಥ ಕೆರೆಯ ಫಸಲೆಂದರೆ ಸುತ್ತಲಿನ ಬಾವಿಗಳಿಗೆ ಇಳಿಯುವ ನೀರು, ದಡದ ಮನೆಗಳ ಏರಿದ ಬೆಲೆ. ಈ ಫಸಲಿನ ಪಾಲನ್ನು ಕೆರೆಗೆ ಹಿಂದಿರುಗಿಸುವ ಕ್ರಮ ಇನ್ನೂ ರೂಪುಗೊಂಡಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆಯು ಐದು ಪಾಲಿಕೆಗಳಾಗಿ ವಿಭಾಗವಾಯಿತು. ಇತಿಹಾಸದ ವಿದ್ಯಾರ್ಥಿಯೊಬ್ಬನು 2000ದಿಂದ ಈಚಿನ ಆಯವ್ಯಯ ಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಒಂದೊಂದು ಕೆರೆಗೂ ‘ಅಭಿವೃದ್ಧಿ’ಯ ಶೀರ್ಷಿಕೆಯಲ್ಲಿ ಬಿದ್ದುದೆಷ್ಟು, ‘ನಿರ್ವಹಣೆ’ಯ ಶೀರ್ಷಿಕೆಯಲ್ಲಿ ಬಿದ್ದುದೆಷ್ಟು ಎಂದು ಬೇರ್ಪಡಿಸಿ ಬರೆದರೆ, ಶಾಸನಗಳ ಬಂಡಿ ಮತ್ತು ಎಣ್ಣೆಯ ಲೆಕ್ಕದ ಪಕ್ಕದಲ್ಲಿ ಇಡಬಹುದಾದ ಪಟ್ಟಿಯೊಂದು ಸಿದ್ಧವಾಗುತ್ತದೆ.