ಸೂಡಿಯ ಶಾಸನ ಮತ್ತು ಬೆಕ್‌ನ ಮಠ: ಮಧ್ಯಯುಗದ ಕ್ರೈಸ್ತ ತತ್ತ್ವಶಾಸ್ತ್ರದ ಚರಿತ್ರೆ ಕನ್ನಡ ಸಂಶೋಧನೆಗೆ ಕಲಿಸುವುದೇನು?

1

ರೋಣ, ನರಗುಂದ ಮತ್ತು ಗಜೇಂದ್ರಗಡ ಪರಿಸರದ ಶಾಸನಗಳನ್ನು ನಾವು ಇದುವರೆಗೆ ಮುಖ್ಯವಾಗಿ ಮೂರು ಉದ್ದೇಶಗಳಿಗಾಗಿ ಓದುತ್ತ ಬಂದಿದ್ದೇವೆ. ರಾಜಕೀಯ ಚರಿತ್ರೆಯ ರಚನೆ, ದೇವಾಲಯಗಳ ಕಾಲನಿರ್ಣಯ ಹಾಗೂ ಭಾಷೆಯ ಸ್ವರೂಪವಿವೇಚನೆ ಇವೇ ಆ ಉದ್ದೇಶಗಳು. ಇದೇ ಶಾಸನಗಳು ಒಂದು ಕಾಲದ ಚಿಂತನೆಯ ಚರಿತ್ರೆಗೂ ಆಕರಗಳಾಗಬಲ್ಲವೆ ಎಂಬ ಪ್ರಶ್ನೆಗೆ ಅಷ್ಟಾಗಿ ಗಮನ ಸಂದಿಲ್ಲ.

ರೋಣ ಮತ್ತು ಗಜೇಂದ್ರಗಡಗಳ ನಡುವಿನ ಸೂಡಿಯನ್ನೇ ತೆಗೆದುಕೊಳ್ಳಬಹುದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿಯ ಆಡಳಿತಕ್ಕೆ ಒಳಪಟ್ಟಿದ್ದ, ದಂಡನಾಯಕ ನಾಗದೇವನ ನಿರ್ಮಾಣಗಳಿಂದ ಪ್ರಸಿದ್ಧವಾದ ಈ ಊರಿನ ಶಾಸನಗಳನ್ನು ಎಲ್. ಡಿ. ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಇವುಗಳಲ್ಲಿ ಕ್ರಿ.ಶ. 1060ರ ಒಂದು ಶಾಸನವು ಸೋಮೇಶ್ವರ ಪಂಡಿತದೇವನೆಂಬ ಕಾಳಾಮುಖ ಆಚಾರ್ಯನನ್ನು ಸ್ತುತಿಸುತ್ತದೆ. ಅಲ್ಲಿ ಅವನ ತಪಸ್ಸಿನ ಜೊತೆಗೆ ಪಾಂಡಿತ್ಯದ ಕ್ಷೇತ್ರಗಳೂ ಉಲ್ಲೇಖಗೊಂಡಿವೆ. ನ್ಯಾಯ, ವೈಶೇಷಿಕ, ಸಾಂಖ್ಯ ಹಾಗೂ ಶಬ್ದಶಾಸ್ತ್ರ ಎಂಬ ನಾಲ್ಕು ವಿದ್ಯೆಗಳನ್ನು ರೂಪಕಗಳ ಮೂಲಕ ಅವನಿಗೆ ಸಲ್ಲಿಸಲಾಗಿದೆ. ಆದರೆ ಅವನು ಏನನ್ನು ಪ್ರತಿಪಾದಿಸಿದ, ಯಾರ ಮತವನ್ನು ಖಂಡಿಸಿದ ಎಂಬುದಕ್ಕೆ ಆ ಕಲ್ಲಿನಲ್ಲಿ ಉತ್ತರವಿಲ್ಲ.

ಇಂಥ ಆಕರವನ್ನು ಚಿಂತನೆಯ ಚರಿತ್ರೆಗೆ ಬಳಸುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಪ್ರಸ್ತುತ ಲೇಖನದಲ್ಲಿ ಮಧ್ಯಯುಗದ ಕ್ರೈಸ್ತ ತತ್ತ್ವಶಾಸ್ತ್ರದ ಚರಿತ್ರೆಯು ರೂಪುಗೊಂಡ ಕ್ರಮವನ್ನು ಪರಿಶೀಲಿಸಲಾಗಿದೆ. ಮಠದ ಆಶ್ರಯದಲ್ಲಿ ಬೆಳೆದ ತರ್ಕವನ್ನು ಮತಚರಿತ್ರೆ ಎನ್ನಬೇಕೆ, ತತ್ತ್ವಶಾಸ್ತ್ರದ ಚರಿತ್ರೆ ಎನ್ನಬೇಕೆ ಎಂಬ ಸಮಸ್ಯೆಯನ್ನು ಆ ಅಧ್ಯಯನಶಾಖೆ ನಮಗಿಂತ ಮೊದಲೇ ಎದುರಿಸಿದೆ.

2

ಯುರೋಪಿನಲ್ಲಿಯೂ ಈ ಚರಿತ್ರೆ ಬಹುಕಾಲ ಉಪೇಕ್ಷಿತವಾಗಿತ್ತು. ಗ್ರೀಕರಿಂದ ನೇರವಾಗಿ ದೆಕಾರ್ತನಿಗೆ ಬರುವುದು ರೂಢಿಯಾಗಿತ್ತು. ನಡುವಿನ ಸಾವಿರ ವರ್ಷಗಳನ್ನು ದಾಪುಗಾಲಿಟ್ಟು ದಾಟಿಬಿಡುವ ಮಾತನ್ನು ಹೆಗೆಲ್ ತನ್ನ ಉಪನ್ಯಾಸಗಳಲ್ಲಿ ಆಡಿದ್ದುಂಟು. ಈ ಧೋರಣೆ ಬದಲಾಗಲು ಎರಡು ಕಾರಣಗಳು ಮುಖ್ಯವೆನಿಸುತ್ತವೆ.

ಮೊದಲನೆಯದು ಚರ್ಚಿನ ಒಳಗಿನದು. 1879ರಲ್ಲಿ ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ವಿಶ್ವಪತ್ರವು ಥಾಮಸ್ ಅಕ್ವಿನಾಸನ (1225–1274) ಅಧ್ಯಯನಕ್ಕೆ ಪುನಶ್ಚೇತನ ನೀಡಿತು. ಅಕ್ವಿನಾಸನ ಕೃತಿಗಳ ಶಾಸ್ತ್ರೀಯ ಸಂಪಾದನೆಯ ಮೊದಲ ಸಂಪುಟ 1882ರಲ್ಲಿ ಹೊರಬಂದಿತು. ಎರಡನೆಯದು ಸಂಶೋಧನೆಯದು. ಜರ್ಮನಿಯ ಮಾರ್ಟಿನ್ ಗ್ರಾಬ್‌ಮನ್ 1909 ಮತ್ತು 1911ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ, ಹಸ್ತಪ್ರತಿಗಳ ಆಧಾರದಿಂದ, ಸ್ಕೊಲಾಸ್ಟಿಕ್ ಚಿಂತನೆಯ ಸಿದ್ಧಾಂತಗಳಿಗಿಂತ ಅದರ ವಿಧಾನದ ಬೆಳವಣಿಗೆಗೆ ಒತ್ತುಕೊಟ್ಟನು. ಫ್ರಾನ್ಸಿನ ಎಟಿಯೆನ್ ಗಿಲ್ಸನ್ 1913ರಲ್ಲಿ ದೆಕಾರ್ತನ ಪರಿಭಾಷೆಗೂ ಸ್ಕೊಲಾಸ್ಟಿಕ್ ಲೇಖಕರ ಪರಿಭಾಷೆಗೂ ಇರುವ ಸಂಬಂಧವನ್ನು ಪದಪದವಾಗಿ ತೋರಿಸಿದನು. ಆಧುನಿಕನೆನಿಸಿದವನು ತೊರೆದೆನೆಂದುಕೊಂಡ ಪರಂಪರೆಯ ಮಾತಿನಲ್ಲಿಯೇ ಯೋಚಿಸುತ್ತಿದ್ದನೆಂಬುದು ಇದರಿಂದ ಸ್ಪಷ್ಟವಾಯಿತು.

ಇದರ ಬೆನ್ನಲ್ಲೇ ಮೂಲಭೂತವಾದ ವಿವಾದವೊಂದು ಹುಟ್ಟಿತು. ಕ್ರೈಸ್ತ ಗಣಿತವೆಂಬುದು ಹೇಗಿಲ್ಲವೋ ಹಾಗೆಯೇ ಕ್ರೈಸ್ತ ತತ್ತ್ವಶಾಸ್ತ್ರವೆಂಬುದೂ ಇಲ್ಲ ಎಂಬ ನಿಲುವನ್ನು ಎಮಿಲ್ ಬ್ರೆಯ್ಯೆ ಮಂಡಿಸಿದನು. 1931ರಲ್ಲಿ ಫ್ರೆಂಚ್ ತತ್ತ್ವಶಾಸ್ತ್ರ ಸಂಘದ ಸಭೆಯಲ್ಲಿ ಈ ಪ್ರಶ್ನೆ ನೇರ ಚರ್ಚೆಗೆ ಬಂದಿತು. ಶ್ರದ್ಧೆಯು ತರ್ಕಕ್ಕೆ ಹೊಸ ಸಮಸ್ಯೆಗಳನ್ನು ಒದಗಿಸಿದೆ, ಆ ಸಮಸ್ಯೆಗಳಿಗೆ ಕೊಟ್ಟ ಉತ್ತರಗಳನ್ನು ತರ್ಕದ ಅಳತೆಯಿಂದಲೇ ಪರೀಕ್ಷಿಸಬಹುದು ಎಂಬುದು ಗಿಲ್ಸನ್‌ನ ವಾದದ ತಿರುಳು. ಈ ವಿವಾದ ಇಂದಿಗೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ. ಆದರೆ ಇದರಿಂದ ಒಂದು ಪ್ರಯೋಜನವಾಯಿತು. ಮತ ಮತ್ತು ತತ್ತ್ವ ಎಂಬ ವಿಭಜನೆಯನ್ನು ಸ್ವಯಂಸಿದ್ಧವೆಂದು ಹಿಡಿಯದೆ, ಒಂದು ಕಾಲದ ಸಂಸ್ಥೆಗಳು ಆ ಗಡಿಯನ್ನು ಎಲ್ಲಿ ಎಳೆದಿದ್ದವು ಎಂದು ಕೇಳುವ ಕ್ರಮ ಬೆಳೆಯಿತು.

ಪ್ಯಾರಿಸ್ಸಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅರಬ್ಬೀ ವ್ಯಾಖ್ಯಾನಕಾರರ ಸಹಿತ ಲ್ಯಾಟಿನ್‌ಗೆ ಬಂದ ಅರಿಸ್ಟಾಟಲನ ಪ್ರಕೃತಿವಿಷಯಕ ಗ್ರಂಥಗಳ ಬೋಧನೆಯನ್ನು ಅಲ್ಲಿ 1210 ಮತ್ತು 1215ರಲ್ಲಿ ನಿಷೇಧಿಸಲಾಯಿತು. 1255ರ ವೇಳೆಗೆ ಅವೇ ಗ್ರಂಥಗಳು ಕಲಾವಿಭಾಗದ ಪಠ್ಯಗಳಾದವು. 1277ರಲ್ಲಿ ಪ್ಯಾರಿಸ್ಸಿನ ಬಿಷಪ್ ಮತ್ತೆ 219 ಪ್ರತಿಜ್ಞೆಗಳನ್ನು ಖಂಡಿಸಿದನು. ಅರುವತ್ತೇಳು ವರ್ಷಗಳ ಅವಧಿಯಲ್ಲಿ ಒಂದೇ ಊರಿನಲ್ಲಿ ಈ ಗಡಿ ಪದೇಪದೇ ಸ್ಥಾನ ಬದಲಿಸಿತು.

3

ಈಗ ಸೂಡಿಗೆ ಮರಳಬಹುದು. ಸೋಮೇಶ್ವರ ಪಂಡಿತದೇವನನ್ನು ಸ್ತುತಿಸುವ ಶಾಸನದ ವರ್ಷವಾದ 1060ರಲ್ಲಿಯೇ ನಾರ್ಮಂಡಿಯ ಬೆಕ್ ಎಂಬಲ್ಲಿನ ಮಠದಲ್ಲಿ ಆನ್ಸೆಲ್ಮ್ (1033–1109) ಸನ್ಯಾಸ ಸ್ವೀಕರಿಸಿದನು. ಧರ್ಮಗ್ರಂಥದ ಪ್ರಮಾಣವನ್ನು ಅವಲಂಬಿಸದೆ, ಯುಕ್ತಿಯೊಂದರಿಂದಲೇ ದೈವವಿಚಾರ ಮಾಡಿ ಬರೆದುಕೊಡಬೇಕೆಂದು ಜೊತೆಯ ಸನ್ಯಾಸಿಗಳು ಅವನನ್ನು ಕೇಳಿಕೊಂಡರು. ಹಾಗೆ ಹುಟ್ಟಿದ ಕೃತಿಗಳು ಇಂದಿಗೂ ತರಗತಿಗಳಲ್ಲಿ ಚರ್ಚೆಗೊಳಗಾಗುತ್ತಿವೆ. ಈ ಸಮಕಾಲೀನತೆ ಕೇವಲ ಆಕಸ್ಮಿಕ. ಇಬ್ಬರ ನಡುವೆ ಯಾವ ಸಂಪರ್ಕವನ್ನೂ ಇಲ್ಲಿ ಸೂಚಿಸುತ್ತಿಲ್ಲ. ಆದರೆ ಉಳಿದು ಬಂದುದರಲ್ಲಿರುವ ಅಂತರ ಗಮನಾರ್ಹವಾಗಿದೆ. ಆನ್ಸೆಲ್ಮ್‌ನ ವಾದ ಉಳಿದಿದೆ. ಸೋಮೇಶ್ವರನ ಪ್ರಶಂಸೆ ಮಾತ್ರ ಉಳಿದಿದೆ.

ಈ ಅಂತರದಿಂದ ಒಂದೆಡೆ ತತ್ತ್ವಶಾಸ್ತ್ರವಿತ್ತು, ಇನ್ನೊಂದೆಡೆ ಬರಿಯ ಭಕ್ತಿಯಿತ್ತು ಎಂದು ತೀರ್ಮಾನಿಸುವುದು ದೋಷಯುಕ್ತವಾಗುತ್ತದೆ. ಕಾಳಾಮುಖ ಮಠಗಳು ಕಾಲಾಂತರದಲ್ಲಿ ಅಳಿದವು. ಅವರ ಪ್ರತಿಪಾದನೆಗಳನ್ನು ಗ್ರಂಥರೂಪದಲ್ಲಿ ಮುಂದುವರಿಸುವ ಪರಂಪರೆ ಉಳಿಯಲಿಲ್ಲ. ಬೆಕ್‌ನ ಸನ್ಯಾಸಿಯ ಬರಹವಾದರೋ ಮಠದಿಂದ ಮಠಕ್ಕೆ, ಅಲ್ಲಿಂದ ವಿಶ್ವವಿದ್ಯಾಲಯಗಳಿಗೆ ಪ್ರತಿಗೊಳ್ಳುತ್ತ ಹೋಯಿತು. ಕರ್ನಾಟಕದಲ್ಲಿಯೇ ಇದಕ್ಕೆ ಪೂರಕ ನಿದರ್ಶನವಿದೆ. ಮೂಡುಬಿದಿರೆಯ ಜೈನ ಮಠದ ಆಶ್ರಯ ಮುರಿಯದೆ ಮುಂದುವರಿದುದರಿಂದ ‘ಧವಲಾ’ ಟೀಕೆಯ ತಾಳೆಗರಿಗಳು ಉಳಿದು, 1939ರಿಂದ ಮುದ್ರಣಗೊಂಡವು. ಇದಕ್ಕೆ ಪ್ರತಿಯಾಗಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಸಂಸ್ಕೃತ ಗ್ರಂಥಗಳ ದೊಡ್ಡ ಸಂಗ್ರಹವನ್ನು ಹೊಂದಿದ್ದನು. 1858ರ ಬಂಡಾಯದೊಡನೆ ಆಶ್ರಯ ನೀಡಿದ್ದ ಸಂಸ್ಥಾನವೇ ಅಳಿಯಿತು. ವಾದದ ಬಲದಿಂದ ಮಾತ್ರ ಗ್ರಂಥ ಉಳಿಯುವುದಿಲ್ಲ. ಅದನ್ನು ಪ್ರತಿಮಾಡುವವರು ಮತ್ತು ಅವರಿಗೆ ಅನ್ನವಿಕ್ಕುವವರು ಬೇಕು.

4

ಹಾಗಿದ್ದಲ್ಲಿ ನಮ್ಮ ಪ್ರಶ್ನೆಯೇ ಬದಲಾಗಬೇಕಾಗುತ್ತದೆ. ಏನನ್ನು ವಾದಿಸಿದರು ಎಂಬುದಕ್ಕೆ ಬದಲಾಗಿ ಏನನ್ನು, ಯಾವ ಕ್ರಮದಲ್ಲಿ, ಯಾರ ಆಶ್ರಯದಲ್ಲಿ ಕಲಿತರು ಎಂದು ಕೇಳಬೇಕು. ವಿಧಾನ, ಪಠ್ಯಕ್ರಮ ಮತ್ತು ಸಂಸ್ಥೆಗಳಿಗೆ ಯುರೋಪಿನ ಸಂಶೋಧಕರು ಕೊಟ್ಟ ಒತ್ತು ಇಲ್ಲಿ ಉಪಯುಕ್ತವಾಗುತ್ತದೆ. ಈ ಬಗೆಯ ಪ್ರಶ್ನೆಗಳಿಗೆ ಶಾಸನಗಳು ಉತ್ತರಿಸಬಲ್ಲವು.

ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವು ಘಟಿಕಾಸ್ಥಾನವೊಂದರ ವಿವರ ನೀಡುತ್ತದೆ. ಅಲ್ಲಿ 200 ವೇದವಿದ್ಯಾರ್ಥಿಗಳು, 50 ಶಾಸ್ತ್ರವಿದ್ಯಾರ್ಥಿಗಳು ಇದ್ದರು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರಿದ್ದರು. ಶಾಸ್ತ್ರಬೋಧನೆಯಲ್ಲಿ ಭಾಟ್ಟ ಮತ್ತು ಪ್ರಾಭಾಕರ ಮೀಮಾಂಸೆಗಳು ಸೇರಿದ್ದವು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗಳು, ಎಂದರೆ ಗ್ರಂಥಪಾಲಕರೂ ಇದ್ದರು. ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಅಲ್ಲಿ ವೇದ, ವ್ಯಾಕರಣ, ಲಾಕುಲಸಿದ್ಧಾಂತಗಳೊಂದಿಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಹಾಗೂ ಬೌದ್ಧ ದರ್ಶನಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು ಹೇಳುತ್ತದೆ. ಕಾಳಾಮುಖ ಮಠದಲ್ಲಿ ಬೌದ್ಧ ದರ್ಶನಕ್ಕೂ ಸ್ಥಾನವಿದ್ದುದು ಗಮನಾರ್ಹ. ಪ್ಯಾರಿಸ್ಸಿನಲ್ಲಿ ಇಬ್ನ್ ರುಷ್ದ್‌ನನ್ನು ಓದಿದಂತೆಯೇ, ಇಲ್ಲಿಯೂ ಪರಮತದ ಗ್ರಂಥವನ್ನು ಬಲ್ಲದೆ ಸ್ವಮತದ ಪಾಂಡಿತ್ಯ ಪೂರ್ಣವಾಗುತ್ತಿರಲಿಲ್ಲ. ಈ ಎರಡು ಶಾಸನಗಳ ಹಿನ್ನೆಲೆಯಲ್ಲಿ ಓದಿದಾಗ ಸೂಡಿಯ ಪ್ರಶಸ್ತಿಯ ನಾಲ್ಕು ವಿದ್ಯೆಗಳು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಅವು ಒಂದು ಪಠ್ಯಕ್ರಮದ ಅಂಗಗಳಾಗಿ ಕಾಣುತ್ತವೆ.

ಪರಿಭಾಷೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕು. ಅಕ್ವಿನಾಸನ ‘ಸುಮ್ಮಾ’ ಗ್ರಂಥದ ಪ್ರತಿಯೊಂದು ಪ್ರಕರಣದಲ್ಲಿ ಮೊದಲು ಪ್ರಶ್ನೆ, ಅನಂತರ ಎದುರಾಳಿಯ ಆಕ್ಷೇಪಗಳು, ಅದಕ್ಕೆ ವಿರುದ್ಧವಾದ ಪ್ರಮಾಣ, ಗ್ರಂಥಕಾರನ ನಿರ್ಣಯ, ಕೊನೆಗೆ ಒಂದೊಂದು ಆಕ್ಷೇಪಕ್ಕೂ ಸಮಾಧಾನ ಬರುತ್ತವೆ. ಕನ್ನಡ ಓದುಗನಿಗೆ ಇದು ಅಪರಿಚಿತವಲ್ಲ. ಮೀಮಾಂಸೆಯ ಅಧಿಕರಣದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿವೆ. ಆದುದರಿಂದ ಸ್ಕೊಲಾಸ್ಟಿಕ್ ಗ್ರಂಥಗಳನ್ನು ಕನ್ನಡಕ್ಕೆ ತರುವವರು ಹೊಸ ಶಬ್ದಗಳನ್ನು ಟಂಕಿಸುವ ಮೊದಲು ಪೂರ್ವಪಕ್ಷ, ಸಿದ್ಧಾಂತಗಳಂಥ ಬಳಕೆಯ ಶಬ್ದಗಳನ್ನು ಪರಿಶೀಲಿಸುವುದು ಒಳಿತು. ಆದರೆ ರಚನೆಯ ಸಾಮ್ಯವನ್ನು ಅರ್ಥದ ಸಾಮ್ಯವೆಂದು ಭಾವಿಸಬಾರದು. ಶೂನ್ಯದಿಂದ ಸೃಷ್ಟಿಯಾಯಿತೆಂಬುದು ಕ್ರೈಸ್ತ ಚಿಂತಕನಿಗೆ ಮೂಲಶ್ರದ್ಧೆ. ಸತ್ಕಾರ್ಯವಾದವನ್ನು ಒಪ್ಪುವ ಸಾಂಖ್ಯನಿಗೆ ಅದು ಅಸಂಗತ.

5

ಈ ವಿಧಾನಕ್ಕೆ ಮಿತಿಗಳಿವೆ. ಪ್ರಶಸ್ತಿಪದ್ಯಗಳು ರೂಢಿಗತವಾದವು, ಆಚಾರ್ಯನೊಬ್ಬನಿಗೆ ಹೇಳಿದ ವಿಶೇಷಣಗಳು ಮತ್ತೊಬ್ಬನಿಗೂ ಅನ್ವಯವಾಗಬಹುದು. ಆದ್ದರಿಂದ ವಿದ್ಯೆಗಳ ಹೆಸರುಗಳು, ದತ್ತಿಯಲ್ಲಿ ವಿದ್ಯಾರ್ಥಿಗಳಿಗೂ ತಪೋಧನರಿಗೂ ಮೀಸಲಾದ ಪಾಲು ಮತ್ತು ಗುರುಪರಂಪರೆಯ ಕ್ರಮ ಎಂಬ ಮೂರು ಅಂಶಗಳನ್ನು ಬೇರೆಬೇರೆಯಾಗಿ ಪಟ್ಟಿಮಾಡಿ, ಪರಸ್ಪರ ಹೋಲಿಸಿ ನೋಡಬೇಕು. ರೋಣ, ನರಗುಂದ, ಗಜೇಂದ್ರಗಡಗಳ ಪ್ರಕಟಿತ ಶಾಸನಗಳ ಮಟ್ಟಿಗೆ ಇದು ಒಬ್ಬ ಸಂಶೋಧಕನಿಂದ ಆಗಬಹುದಾದ ಕೆಲಸ. ಕಾಳಾಮುಖ ಮಠವನ್ನು ಬೆನೆಡಿಕ್ಟೀನ್ ಮಠಕ್ಕೆ ಸಮೀಕರಿಸುವ ಅವಸರವೂ ಸಲ್ಲದು. ಒಂದು ದೇವಾಲಯದ ಸ್ಥಾನಾಚಾರ್ಯ ಪದವಿಯನ್ನು ಆಧರಿಸಿದ್ದು. ಇನ್ನೊಂದು ಲಿಖಿತ ನಿಯಮಕ್ಕೆ ಬದ್ಧವಾದ ಸಮುದಾಯ.

ಒಟ್ಟಿನಲ್ಲಿ, ಮಧ್ಯಯುಗದ ಕ್ರೈಸ್ತ ತತ್ತ್ವಶಾಸ್ತ್ರದ ಚರಿತ್ರೆಯನ್ನು ಕನ್ನಡ ವಿಭಾಗಗಳಲ್ಲಿ ಓದುವುದು ದೂರದ ಸಂಗತಿಯೊಂದರ ಬಗೆಗಿನ ಕುತೂಹಲಕ್ಕಾಗಿ ಮಾತ್ರವಲ್ಲ. ಮಠ ಮತ್ತು ತರ್ಕ ಒಂದೇ ಸೂರಿನಡಿ ಇದ್ದ ಕಾಲವನ್ನು ಹೇಗೆ ಬರೆಯಬೇಕೆಂಬುದನ್ನು ಅದು ಕಲಿಸುತ್ತದೆ. ಸೋಮೇಶ್ವರ ಪಂಡಿತದೇವನ ವಾದವನ್ನು ನಾವು ಮರಳಿ ಪಡೆಯಲಾರೆವು. ಆದರೆ ಅವನ ಶಿಷ್ಯರ ಮುಂದೆ ಯಾವ ಶಾಸ್ತ್ರಗಳಿದ್ದವು, ಅವರ ಊಟಕ್ಕೆ ಯಾವ ಹೊಲದ ಬೆಳೆ ಮೀಸಲಾಗಿತ್ತು ಎಂಬುದನ್ನು ಹುಡುಕಬಹುದು. ರೋಣ ಪರಿಸರದ ಚಿಂತನೆಯ ಚರಿತ್ರೆಯನ್ನು ಅಲ್ಲಿಂದ ಪ್ರಾರಂಭಿಸಲು ಸಾಧ್ಯವಿದೆ.